ಚೆಲ್ಲಾಪಿಲ್ಲಿ ಜೋ!

ಅಯೋವಾದಲ್ಲಿ ಎಂ.ಎಸ್. ಓದುವಾಗ ಒಂದೇ ವಾರದಲ್ಲಿ ಮೂರು ಕಂಪನಿಗಳು ‘ಸಾರಿ’ ಎಂದಿದ್ದವು. ಅಂದು ರಾತ್ರಿ ಅಲ್ಲಿಯವನೇ ಆದ ರೂಮ್‌ಮೇಟ್ ‘ಬಾ, ಸ್ಲಾಪಿ ಜೋ ಮಾಡೋಣ’ ಎಂದು ಅಡುಗೆಮನೆಗೆ ಎಳೆದೊಯ್ದ. 1969ರಿಂದಲೂ ಸಿಗುವ ‘ಮ್ಯಾನ್‌ವಿಚ್’ ಡಬ್ಬಿ ಸಾಸ್ ಅವನಿಗೆ ಬೇಡ. ನಾನು ಹೆಚ್ಚಿಕೊಟ್ಟ ಈರುಳ್ಳಿ, ಕ್ಯಾಪ್ಸಿಕಂ, ಬೆಳ್ಳುಳ್ಳಿಯನ್ನು ಟರ್ಕಿ ಕೋಳಿಯ ಕೈಮಾ ಜೊತೆ ಹುರಿದ. ಟೊಮೆಟೊ ಸಾಸ್, ಸಾಸಿವೆ ಪೇಸ್ಟ್, ವಿನೆಗರ್, ಒಂದು ಚಮಚ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ 20 ನಿಮಿಷ ಕುದಿಸಿದ. ಅಮ್ಮ ಕಳಿಸಿದ್ದ ಖಾರದಪುಡಿ ಉದುರಿಸಿದ್ದು ನನ್ನ ಪಾಲು!

ಬನ್ನಿನೊಳಗೆ ತುಂಬಿ ಕಚ್ಚಿದರೆ ಅರ್ಧ ತಟ್ಟೆಗೆ. ನಾಚಿ ಟಿಶ್ಯೂ ಹುಡುಕಿದೆ. ‘ಚೆಲ್ಲದಿದ್ದರೆ ಅದು ಸ್ಲಾಪಿ ಜೋ ಅಲ್ಲವೋ’ ಎಂದ. ಊರಿನ ಮದುವೆಗಳಲ್ಲಿ ಬಾಳೆಎಲೆಯಿಂದ ಓಡುವ ಸಾರನ್ನು ಅಂಗೈಯಲ್ಲಿ ತಡೆಯುತ್ತಿದ್ದುದು ನೆನಪಾಗಿ ನಕ್ಕೆ. ಆ ವಾರದ ಮೊದಲ ನಗು. ಚೆಲ್ಲಿದ್ದನ್ನೆಲ್ಲ ಬನ್ನಿನ ಚೂರಿನಿಂದ ಬಳಿದು ತಿಂದು, ಕೈತೊಳೆದು, ನಾಲ್ಕನೇ ಅರ್ಜಿ ತುಂಬಲು ಕುಳಿತೆ.