ಕರೆಂಟು ಕಣ್ಣಿಗೆ ಕಂಡಿತು!

ಕಂಡೆ! ಪಂಪ್‌ಸೆಟ್ಟಿನ ಬಳಿ ತ್ರೀ ಫೇಸ್ ಕರೆಂಟಿಗಾಗಿ ನಡುರಾತ್ರಿ ಕಾದವನು ನಾನು. ಆದರೆ ವೈರಿನೊಳಗೆ ಕರೆಂಟು ಹರಿಯುವುದನ್ನು ಮೊದಲ ಸಲ ಕಂಡದ್ದು ಮಧುಗಿರಿಯ ಏಕಶಿಲಾ ಬೆಟ್ಟದ ಬುಡದಲ್ಲಿ, ಅಂಗೈಯಗಲದ ಮೊಬೈಲಿನಲ್ಲಿ!

ಪರದೆಯ ತುಂಬ ಖಾಲಿ ಬಯಲು. ಬೆರಳಿನಿಂದ ಬ್ಯಾಟರಿ ಎಳೆದಿಟ್ಟೆ, ಬಲ್ಬು ಇಟ್ಟೆ, ವೈರು ಜೋಡಿಸಿದೆ. ಕೊನೆಯ ತುದಿ ಕೂಡಿದ್ದೇ ತಡ, ನೀಲಿ ಗುಂಡುಗಳು ಸಾಲುಗಟ್ಟಿ ಹೊರಟವು. ಎಲೆಕ್ಟ್ರಾನುಗಳು! ವೈರಿನುದ್ದಕ್ಕೂ ಎಲ್ಲವೂ ಒಟ್ಟಿಗೇ ಹೊರಟವು, ತುಂಬಿದ ಪೈಪಿನ ಈ ತುದಿಗೆ ನೀರು ನುಗ್ಗಿಸಿದರೆ ಆ ತುದಿಯಲ್ಲಿ ಚೆಲ್ಲುವ ಹಾಗೆ. ಸ್ವಿಚ್ ಒತ್ತಿದ ಕೂಡಲೇ ದೀಪ ಹತ್ತುವ ಗುಟ್ಟು ಆಗ ಹೊಳೆಯಿತು. ಕರೆಂಟನ್ನು ಬಲ್ಬು ತಿಂದುಬಿಡುತ್ತದೆ ಎಂದೇ ನಂಬಿದ್ದೆ. ನೋಡಿದರೆ, ಒಳಗೆ ಹೋದಷ್ಟೂ ಗುಂಡುಗಳು ಹೊರಗೆ ಬರುತ್ತಿವೆ! ಬ್ಯಾಟರಿಯ ಎರಡು ತುದಿಗಳನ್ನು ಬರೀ ವೈರಿನಿಂದ ಕೂಡಿಸಿದೆ. ಬೆಂಕಿ! ಆದರೆ ಯಾರ ಕೈಯೂ ಸುಡಲಿಲ್ಲ.

ಪರದೆಯ ಮೇಲೆ ಹೀಗೆ ಪ್ರಯೋಗ ಮಾಡಿಸುವ ಈ ತಾಣದ ಹೆಸರು ಫೆಟ್. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್, ಮರುವರ್ಷವೇ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ ಯೋಜನೆ. ಪೂರ್ತಿ ಉಚಿತ. ಇದರ ಕೆಲವು ಪ್ರಯೋಗಗಳು ಕನ್ನಡದಲ್ಲೂ ಇವೆ!

ನಿಜವಾದ ಬೆರಗು ಇನ್ನು ಮುಂದಿದೆ. ಅದೇ ವಿಶ್ವವಿದ್ಯಾಲಯದ ನೋಹ ಫಿಂಕಲ್‌ಸ್ಟೈನ್ ಮತ್ತು ಸಂಗಡಿಗರು 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ನಿಜವಾದ ವೈರು, ಬಲ್ಬು ಹಿಡಿದು ಕಲಿಯಿತು. ಇನ್ನೊಂದು ಗುಂಪು ಪರದೆಯ ಮೇಲೆ ಕಲಿಯಿತು. ಕೊನೆಗೆ ಎರಡೂ ಗುಂಪಿನ ಕೈಗೆ ನಿಜವಾದ ಸಾಮಾನು ಕೊಟ್ಟು, ಸರ್ಕಿಟ್ ಕಟ್ಟಿ ವಿವರಿಸಿ ಎಂದರು. ಗೆದ್ದವರು ಪರದೆಯ ಮೇಲೆ ಕಲಿತವರು! ನಿಜವಾದ ವೈರು ತನ್ನ ಒಳಗನ್ನು ತೋರಿಸುವುದಿಲ್ಲ. ಪರದೆಯ ವೈರು ತೋರಿಸುತ್ತದೆ.

ನನ್ನ ಮನಸ್ಸು ಆಗಲೇ ಪಾವಗಡಕ್ಕೆ ಓಡಿತ್ತು. ತಿರುಮಣಿಯ ಸುತ್ತ 13,000 ಎಕರೆಯಲ್ಲಿ ಹಬ್ಬಿದ ಸೋಲಾರ್ ಪಾರ್ಕು, 2,050 ಮೆಗಾವಾಟ್ ಸಾಮರ್ಥ್ಯ! ಆ ಫಲಕಗಳ ಪಕ್ಕದಲ್ಲೇ ಬೆಳೆದ ಹುಡುಗಿ ಕಾಲೇಜಿನಲ್ಲಿ ವಿದ್ಯುತ್ತಿನ ಪಾಠಕ್ಕೆ ಬೆದರುವುದೇ? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಎಷ್ಟೋ ಮಕ್ಕಳು ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿ ವಿಜ್ಞಾನಕ್ಕೆ ಕಾಲಿಟ್ಟೊಡನೆ ಇಂಗ್ಲಿಷ್ ಪುಸ್ತಕ ಹಿಡಿಯುತ್ತಾರೆ. ಪ್ರಯೋಗವನ್ನು ಚಿತ್ರದಲ್ಲಷ್ಟೇ ನೋಡಿ ಬಂದವರನ್ನು ‘ದಡ್ಡರು’ ಎಂದುಬಿಡುತ್ತೇವೆ. ಅವರಿಗೆ ಬುದ್ಧಿಯ ಕೊರತೆಯಿಲ್ಲ. ಆ ನೀಲಿ ಗುಂಡುಗಳನ್ನು ಅವರಿಗೆ ಯಾರೂ ತೋರಿಸಿಲ್ಲ, ಅಷ್ಟೇ!

ಇಂಥ ಬಾಗಿಲು ನಮ್ಮ ದೇಶದಲ್ಲೂ ತೆರೆದಿದೆ. ಕೇಂದ್ರ ಸರ್ಕಾರದ ವರ್ಚುವಲ್ ಲ್ಯಾಬ್ಸ್ ಯೋಜನೆಯಲ್ಲಿ ಐಐಟಿಗಳ ಜೊತೆ ನಮ್ಮ ಸುರತ್ಕಲ್‌ನ ಎನ್‌ಐಟಿಕೆ ಕೂಡ ಪರದೆಯ ಪ್ರಯೋಗಶಾಲೆಗಳನ್ನು ಕಟ್ಟಿದೆ.

ಈ ನಾಲ್ಕೂ ತಾಲ್ಲೂಕುಗಳ ಉಪನ್ಯಾಸಕರೇ, ಒಂದೇ ಒಂದು ಪಿರಿಯಡ್ ಕೊಡಿ. ಮಕ್ಕಳು ಮೊದಲು ಪರದೆಯ ಬಲ್ಬು ಹತ್ತಿಸಲಿ, ಆಮೇಲೆ ಅದೇ ಕೈಗೆ ನಿಜವಾದ ಬಲ್ಬು ಕೊಡಿ. ಮಕ್ಕಳ ಮುಖ ನೋಡಿ!