ಕಚೇರಿಯ ಕಂಪ್ಯೂಟರಿನಿಂದ ಕದ್ದುದು ಏನು?

ತಪ್ಪು ಎದ್ದು ಕಾಣುತ್ತಿರುವಾಗಲೂ ಅಪೀಲು ಮಾಡುವವನನ್ನು ಜನರು ಹಟಮಾರಿಯೆಂದು ಜರೆಯುವುದು ವಾಡಿಕೆ. ನ್ಯೂಜಿಲೆಂಡಿನಲ್ಲಿ ಅಂತಹನೊಬ್ಬನು ಮಾಡಿದ ಅಪೀಲಿನ ವೃತ್ತಾಂತವನ್ನು ಕಚೇರಿಗಳಲ್ಲಿ ದುಡಿಯುವ ನಮ್ಮ ವಾಚಕರು ಅವಶ್ಯವಾಗಿ ತಿಳಿಯಬೇಕೆಂದು ನಾವು ಭಾವಿಸುತ್ತೇವೆ.

2011ನೆಯ ಇಸವಿಯ ಸಪ್ಟೆಂಬರದಲ್ಲಿ, ರಗ್ಬಿ ವಿಶ್ವಕಪ್ಪಿಗೆ ಬಂದಿದ್ದ ಇಂಗ್ಲೆಂಡಿನ ಆಟಗಾರರು ಕ್ವೀನ್ಸ್‌ಟೌನಿನ ಪಾನಗೃಹವೊಂದಕ್ಕೆ ಹೋದರು. ಅವರಲ್ಲೊಬ್ಬರು ರಾಣಿ ಎಲಿಜಬೆತ್ತರ ಮೊಮ್ಮಗಳನ್ನು ಅದೇ ವರ್ಷ ವರಿಸಿದವರು; ಆದುದರಿಂದಲೇ ಅಲ್ಲಿಯ ಕಾವಲು ಕ್ಯಾಮರಾದ ಚಿತ್ರಕ್ಕೆ ಬೆಲೆ ಬಂದಿತು. ಪಾನಗೃಹದ ಕಾವಲು ಕೆಲಸಕ್ಕಿದ್ದವನೊಬ್ಬನು ಸ್ವಾಗತ ಮೇಜಿನ ಉದ್ಯೋಗಿಯಿಂದ ಆ ಚಿತ್ರವನ್ನು ಆಕೆಯ ಕೆಲಸದ ಕಂಪ್ಯೂಟರಿಗೆ ಇಳಿಸಿಸಿ, ಬಳಿಕ ತಾನು ಅದನ್ನು ಪೆನ್‌ಡ್ರೈವಿಗೆ ತುಂಬಿಕೊಂಡು ಕಂಪ್ಯೂಟರಿನಲ್ಲಿದ್ದುದನ್ನು ಅಳಿಸಿಬಿಟ್ಟನು. ವಿದೇಶದ ಸುದ್ದಿಸಂಸ್ಥೆಗಳಿಗೆ ಮಾರಹೋಗಿ, ಕೊಳ್ಳುವವರು ದೊರೆಯದೆ, ಕೊನೆಗೆ ಯೂಟ್ಯೂಬಿಗೆ ಏರಿಸಿದನು.

ಕಂಪ್ಯೂಟರ್ ವ್ಯವಸ್ಥೆಯೊಳಕ್ಕೆ ಅಪ್ರಾಮಾಣಿಕವಾಗಿ ಪ್ರವೇಶಿಸಿ ‘ಸ್ವತ್ತು’ ಪಡೆದನೆಂಬುದು ಆರೋಪ. ಆ ದೇಶದ ಅಪರಾಧ ಕಾನೂನಿನ 249ನೆಯ ಕಲಮಿನಂತೆ ಇದಕ್ಕೆ ಏಳು ವರ್ಷದವರೆಗೆ ಶಿಕ್ಷೆಯುಂಟು. ಜ್ಯೂರಿಯು ಅಪರಾಧಿಯೆಂದಿತು.

ಆತನು ಅಪೀಲು ಮಾಡಿದನು. 2014ರಲ್ಲಿ ಅಪೀಲು ನ್ಯಾಯಾಲಯವು, ಫೈಲೆಂಬುದು ಬರಿಯ ಮಾಹಿತಿ, ಸ್ವತ್ತಲ್ಲ ಎಂದಿತು. ಈ ವಿಚಾರಸರಣಿ ಹೊಸದಲ್ಲ. ಲಿವರ್‌ಪೂಲಿನ ವಿದ್ಯಾರ್ಥಿಯೊಬ್ಬನು ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಮುಂಚಿತವಾಗಿ ಪಡೆದು ಓದಿದ ಖಟ್ಲೆಯಲ್ಲಿ, ಗುಪ್ತ ಮಾಹಿತಿಯನ್ನು ಕದಿಯಲು ಬಾರದೆಂದು ಇಂಗ್ಲೆಂಡಿನ ನ್ಯಾಯಾಧೀಶರು 1978ರಲ್ಲಿಯೇ ಹೇಳಿದ್ದರು. ಅಂದ ಮೇಲೆ ಕಾವಲುಗಾರನು ಗೆದ್ದನೇ? ಇಲ್ಲ. ‘ಸ್ವತ್ತಲ್ಲದಿದ್ದರೇನು, ಲಾಭ ಪಡೆದನಲ್ಲ’ ಎಂದು ನ್ಯಾಯಾಲಯವು ತಾನೇ ಮತ್ತೊಂದು ಅಪರಾಧವನ್ನು ಅದರ ಸ್ಥಳದಲ್ಲಿ ನಿಲ್ಲಿಸಿತು! ಕಾನೂನು ಇದಕ್ಕೆ ಅವಕಾಶವಿತ್ತಿರಬಹುದು. ಆದರೆ ನಮ್ಮ ಮನಸ್ಸು ಒಪ್ಪದು. ಜ್ಯೂರಿಯ ಮುಂದಿದ್ದ ಆರೋಪ ಒಂದು. ಆತನ ತಲೆಗೆ ಬಂದುದು ಇನ್ನೊಂದು. ಹೇಗಿದ್ದರೂ ಅಪರಾಧಿಯೇ ತಾನೆ ಎಂಬ ಸಮಾಧಾನವು ಬೀದಿಯ ಮಾತಿಗೆ ಸಾಕು, ನ್ಯಾಯಪೀಠಕ್ಕೆ ಸಾಲದು. ಆತನು ಅಲ್ಲಿಗೇ ಸುಮ್ಮನಾಗಲಿಲ್ಲವೆಂಬುದಕ್ಕಾಗಿ ನಾವು ಆತನನ್ನು ನಿಂದಿಸಲಾರೆವು.

2015ರ ಅಕ್ಟೋಬರ 20ರಂದು ಆ ದೇಶದ ಸುಪ್ರೀಂ ಕೋರ್ಟು ತೀರ್ಪಿತ್ತಿತು: ಮಾಹಿತಿ ಬೇರೆ, ಅದನ್ನೊಳಗೊಂಡ ಫೈಲು ಬೇರೆ. ಫೈಲನ್ನು ಇದೇ ಎಂದು ಗುರುತಿಸಬಹುದು; ಅದಕ್ಕೆ ಬೆಲೆಯುಂಟು; ಒಬ್ಬರಿಂದೊಬ್ಬರಿಗೆ ದಾಟಿಸಬಹುದು; ಆದ್ದರಿಂದ ಈ ಕಲಮಿನ ಮಟ್ಟಿಗೆ ಅದು ಸ್ವತ್ತೇ ಸರಿ. ಇದು ಯುಕ್ತವೆಂದು ನಮಗೆ ತೋರುತ್ತದೆ. ಆ ಕಾನೂನು ಕಣ್ಣಿಗೆ ಕಾಣದ ವಿದ್ಯುಚ್ಛಕ್ತಿಯನ್ನು ಕೂಡ ಸ್ವತ್ತೆಂದೇ ಎಣಿಸಿದೆ. ಮಾರಲೆಂದು ಕದ್ದವನೇ ಅದಕ್ಕೆ ಬೆಲೆಯಿಲ್ಲವೆಂದು ಹೇಗೆ ವಾದಿಸಿಯಾನು?

ಹೀಗೆ ಎರಡು ನ್ಯಾಯಾಲಯಗಳನ್ನು ಹತ್ತಿಳಿದ ಕಾವಲುಗಾರನು, ಜ್ಯೂರಿಯು ಮೊದಲು ಹೊರಿಸಿದ ಅಪರಾಧವನ್ನೇ ಮರಳಿ ಪಡೆದು ಬಂದನು. ಆತನಿಗೆ ವಿಧಿಸಿದ್ದ ಶಿಕ್ಷೆ, ಗೊತ್ತುಪಡಿಸಿದ ಹೊತ್ತಿನಲ್ಲಿ ಮನೆಬಿಟ್ಟು ಹೋಗದಂತೆ ನಾಲ್ಕು ತಿಂಗಳ ನಿರ್ಬಂಧ ಮತ್ತು 300 ಗಂಟೆಗಳ ಸಮಾಜಸೇವೆ.