ಶಿಕಾರಿ ನಿಂತಿತು, ಕೋವಿ ಉಳಿಯಿತು: ಕಿವಿ ಜೋಪಾನ!

ಯಲಹಂಕ, ಹೆಬ್ಬಾಳದ ಕೆರೆ ಬಾತುಗಳಿಗೆ ಈಗ ಕ್ಯಾಮೆರಾದ ಗುರಿ ಮಾತ್ರ. ಬೇಟೆಗೆ 1972ರ ವನ್ಯಜೀವಿ ಕಾಯ್ದೆಯೇ ಬೀಗ ಜಡಿದಿದೆ. ಆದರೂ ಬೆಳೆ ಕಾವಲಿನ ಲೈಸೆನ್ಸ್ ಕೋವಿಗಳು ಹಳ್ಳಿಮನೆಗಳಲ್ಲಿವೆ. ಚುನಾವಣೆ ಬಂದರೆ ಠಾಣೆ ಸೇರುತ್ತವೆ. ಗುರಿ ಕಲಿಯುವ ಹುಡುಗರೂ ಇದ್ದಾರೆ. ಅವರೆಲ್ಲ ಕೇಳಬೇಕಾದ ಮಾತಿದು.

ಬೆಂಗಳೂರಿನ ಹೆಸರಾಂತ ಶಿಕಾರಿ ಕೆನೆತ್ ಆಂಡರ್ಸನ್ (1910-74) ನೆಚ್ಚಿದ್ದು .405 ವಿಂಚೆಸ್ಟರ್ ರೈಫಲ್. ಒದೆತಕ್ಕೆ ಹೆಸರಾದ ಕೋವಿ! ಗುಂಡು ಮುಂದೆ ಹಾರಿದರೆ ಕೋವಿ ಹಿಂದೆ ಒದೆಯಲೇಬೇಕು. ಹೆದರಿ ಸಡಿಲ ಹಿಡಿದರೋ, ಭುಜಕ್ಕೆ ಗುದ್ದು, ಗುರಿಯೂ ಹೋಯ್ತು. ಬಟ್ಟನ್ನು ಭುಜದ ಗುಳಿಗೆ ಒತ್ತಿ, ತುಸು ಮುಂದೆ ಬಾಗಿ ನಿಂತರೆ ಪೆಟ್ಟು ಮೈಗೆಲ್ಲ ಹಂಚಿಹೋಗುತ್ತದೆ. ರಬ್ಬರ್ ಪ್ಯಾಡ್ ಇದ್ದರೆ ಇನ್ನೂ ಹಗುರ.

ಭುಜದ ನೋವು ನಾಲ್ಕು ದಿನ, ಕಿವಿ ಹಾಗಲ್ಲ. ದೊಡ್ಡ ರೈಫಲಿನ ಸದ್ದು 150 ಡೆಸಿಬಲ್ ದಾಟುತ್ತದೆ. 140 ಮೀರಿದರೆ ಒಂದೇ ಗುಂಡಿಗೂ ಒಳಗಿವಿಯ ಸೂಕ್ಷ್ಮ ಕೋಶಗಳು ಸಾಯಬಹುದು. ಸತ್ತವು ಮತ್ತೆ ಚಿಗುರವು. ಉಳಿಯೋದು ಬರೀ ಗುಂಯ್ಗುಡುವ ಸದ್ದು.

ಹತ್ತಿ ತುರುಕಿಕೊಂಡ್ರೆ ಸಾಲದೇ ಅಂತೀರಾ? ಸಾಲದು. ಒಳಗೆ ಫೋಮ್ ಬಿರಡೆ, ಮೇಲೆ ಇಯರ್‌ಮಫ್, ಎರಡೂ ಇರಲಿ. ಪಕ್ಕ ನಿಂತವರಿಗೂ ಬೇಕು. ಕೋವಿ ಲೈಸೆನ್ಸನ್ನು ನವೀಕರಿಸಬಹುದು ಸ್ವಾಮಿ, ಕಿವಿಯನ್ನಲ್ಲ!